ಕಿರ್ಗಿಸ್ತಾನದ ಹಳ್ಳಿಯಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್, ದುಡ್ಡು ಎರಾಸ್ಮಸ್‌ನದು. ಹೋಗಲೋ ಬೇಡವೋ?

ಮಲೆನಾಡ ಮಳೆ
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಜರ್ಮನಿಯಲ್ಲಿ ಪ್ರವಾಸೋದ್ಯಮದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ನಮ್ಮ ಕೋರ್ಸಿನಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ಈಗ ಎರಡು ಕಡೆಯಿಂದ ಕರೆ ಬಂದಿದೆ, ಯಾವುದಕ್ಕೆ ಹೂಂ ಅನ್ನಬೇಕು ತಿಳಿಯುತ್ತಿಲ್ಲ.

ಒಂದು, ಬರ್ಲಿನ್‌ನಲ್ಲಿ ಒಂದು ಟ್ರಾವೆಲ್ ಬುಕಿಂಗ್ ಕಂಪನಿ. ಸಂಬಳ ಇದೆ, ಆಫೀಸು ಮನೆಯಿಂದ 20 ನಿಮಿಷ. ಇನ್ನೊಂದು ಕಿರ್ಗಿಸ್ತಾನದ ಕೊಚ್ಕೋರ್ ಹತ್ತಿರ. ಅಲ್ಲಿ 11 ಮನೆಯವರು ಸೇರಿ ಹೋಮ್‌ಸ್ಟೇ ಗುಂಪು ಮಾಡಿಕೊಂಡಿದ್ದಾರೆ. ಬೇಸಿಗೆಯಲ್ಲಿ ಸೋಂಗ್‌ಕೋಲ್ ಕೆರೆಗೆ ಹೋಗುವ ಪ್ರವಾಸಿಗರು ಇವರ ಮನೆಗಳಲ್ಲಿ ಉಳಿಯುತ್ತಾರೆ. ನನ್ನ ಕೆಲಸ ಇಂಗ್ಲಿಷ್ ಮೆಸೇಜುಗಳಿಗೆ ಉತ್ತರ ಕೊಡುವುದು, ದರಪಟ್ಟಿ ಸರಿ ಮಾಡುವುದು, ಲೆಕ್ಕ ಬರೆಯುವುದು. ಗುಂಪಿನಿಂದ ಸಂಬಳ ಇಲ್ಲ, ಆದರೆ ನಮ್ಮ ಯೂನಿವರ್ಸಿಟಿ ಮೂಲಕ ಎರಾಸ್ಮಸ್ ಪ್ಲಸ್ (ವಿದ್ಯಾರ್ಥಿಗಳು ಬೇರೆ ದೇಶದಲ್ಲಿ ಕಲಿಯಲು ಯುರೋಪಿಯನ್ ಒಕ್ಕೂಟ ಕೊಡುವ ನೆರವು) ಹಣ ಸಿಗುತ್ತದೆ. ತಿಂಗಳಿಗೆ 700 ಯೂರೋ, ಜೊತೆಗೆ ದೂರ ನೋಡಿ ಪ್ರಯಾಣದ ಖರ್ಚು. ಊಟ ವಸತಿ ಒಂದು ಕುಟುಂಬದ ಮನೆಯಲ್ಲಿ, ಉಚಿತ ಎಂದು ಬರೆದಿದ್ದಾರೆ.

ಮನಸ್ಸು ಕೊಚ್ಕೋರ್ ಅನ್ನುತ್ತಿದೆ. ಅಮ್ಮ ಮಾತ್ರ "ಓದಲಿಕ್ಕೆ ಜರ್ಮನಿಗೆ ಹೋದವಳು ಬೆಟ್ಟದ ಮೇಲೆ ಏನು ಮಾಡುತ್ತೀಯಾ" ಎನ್ನುತ್ತಿದ್ದಾಳೆ. ಮುಂದೆ ಕೆಲಸ ಹುಡುಕುವಾಗ ಇದು ಲೆಕ್ಕಕ್ಕೆ ಬರುತ್ತದಾ? ಆ ಕಡೆ ಹೋಗಿ ಬಂದವರು ಯಾರಾದರೂ ಇದ್ದೀರಾ? ನಾನು ಸಸ್ಯಾಹಾರಿ, ಅದೂ ಒಂದು ಚಿಂತೆ.

ಬರ್ಲಿನ್ ಬಿಸಿಬೇಳೆ
ಮೊದಲು ಕಾಗದ ಪತ್ರದ ವಿಷಯ ಹೇಳಿಬಿಡುತ್ತೇನೆ. ಎಷ್ಟೋ ಜನ ಅಲ್ಲೇ ಎಡವುತ್ತಾರೆ.

ಎರಾಸ್ಮಸ್ ಇಂಟರ್ನ್‌ಶಿಪ್ ಕಡಿಮೆ ಎಂದರೂ 2 ತಿಂಗಳು ಇರಬೇಕು, ನಿಮ್ಮದು 3, ಸರಿ ಇದೆ. ಹೊರಡುವ ಮೊದಲೇ ಲರ್ನಿಂಗ್ ಅಗ್ರಿಮೆಂಟ್‌ಗೆ ಮೂರು ಸಹಿ ಬೀಳಬೇಕು: ನೀವು, ನಿಮ್ಮ ಯೂನಿವರ್ಸಿಟಿ, ಆ ಗುಂಪು. ಅದರಲ್ಲಿ ಕೆಲಸ ಏನು ಎಂದು ಬಿಡಿಸಿ ಬರೆಸಿಕೊಳ್ಳಿ. "ಸಹಾಯ ಮಾಡುವುದು" ಎಂದು ಒಂದೇ ಸಾಲು ಬರೆದರೆ ಆಮೇಲೆ ಕ್ರೆಡಿಟ್ ಕೊಡುವಾಗ ತಕರಾರು ಬರುತ್ತದೆ. ಹಣ ಒಂದೇ ಸಲ ಪೂರ್ತಿ ಬರುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ದೊಡ್ಡ ಪಾಲು ಮೊದಲು, ಉಳಿದದ್ದು ವಾಪಸ್ ಬಂದು ವರದಿ ಕೊಟ್ಟ ಮೇಲೆ. ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಂಡೇ ಹೋಗಿ.

ಜರ್ಮನಿಯ ವಿದ್ಯಾರ್ಥಿ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲ. ಬೇರೆ ವಿಮೆ ಮಾಡಿಸಬೇಕು. ಆರೋಗ್ಯ, ಅಪಘಾತ, ನಿಮ್ಮಿಂದ ಬೇರೆಯವರಿಗೆ ಆಗುವ ನಷ್ಟ, ಮೂರೂ ಬೇಕು. ಡಾಡ್ (DAAD, ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ) ಅವರ ಗುಂಪು ವಿಮೆ ವಿಚಾರಿಸಿ ನೋಡಿ. ರೆಸಿಡೆನ್ಸ್ ಪರ್ಮಿಟ್ ಬಗ್ಗೆ ಹೆದರಬೇಡಿ. 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಮಾತ್ರ ತೊಂದರೆ. ಆದರೆ ಅದರ ಅವಧಿ ನೀವು ಅಲ್ಲಿರುವಾಗಲೇ ಮುಗಿಯುವಂತಿದ್ದರೆ ಮೊದಲೇ ನವೀಕರಿಸಿಕೊಳ್ಳಿ.

ಇನ್ನು ಕಿರ್ಗಿಸ್ತಾನದ ವೀಸಾ. ಭಾರತದ ಪಾಸ್‌ಪೋರ್ಟಿಗೆ ಇ-ವೀಸಾ ಸಿಗುತ್ತದೆ. ಹಾಗೆಂದು ಟೂರಿಸ್ಟ್ ವೀಸಾ ತೆಗೆದುಕೊಂಡು ಇಂಟರ್ನ್‌ಶಿಪ್‌ಗೆ ಕೂರಬೇಡಿ. ನಿಮ್ಮ ಕೆಲಸಕ್ಕೆ ಯಾವ ಬಗೆಯ ವೀಸಾ ಎಂದು ಆ ಗುಂಪಿನಿಂದಲೇ ಆಹ್ವಾನ ಪತ್ರದ ಜೊತೆ ಬರೆಸಿಕೊಳ್ಳಿ.

ನೇರ ಮಾತು
ಬರ್ಲಿನ್ ತೊಗೊಳ್ಳಿ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ? ಇಂಟರ್ನ್‌ಶಿಪ್ ಮುಗಿದ ಮೇಲೆ ಕೆಲಸ ಕೊಡುವುದು ಕಂಪನಿ, ಕುದುರೆ ಕಾಯುವವರಲ್ಲ. ಯುರೋಪಿನವರು ದುಡ್ಡು ಕೊಡುತ್ತಾರೆ, ಹುಡುಗರು ಬೆಟ್ಟ ಹತ್ತಿ ಫೋಟೋ ತೆಗೆದು ವರದಿ ಬರೆಯುತ್ತಾರೆ. ಹಳ್ಳಿಗೆ ಏನು ಬಂತು?

ಸೈಕಲ್ ಸವಾರ
ನೇರ ಮಾತು ಅವರೇ, ಕೊಚ್ಕೋರ್ ನೋಡಿದ್ದೀರಾ? ನಾನು 2019ರಲ್ಲಿ ಹೋಗಿದ್ದೆ. ರಾಜಧಾನಿ ಬಿಶ್ಕೆಕ್‌ನಿಂದ ಶೇರ್ ಟ್ಯಾಕ್ಸಿಯಲ್ಲಿ ಮೂರು ಮೂರೂವರೆ ಗಂಟೆ. ಸುತ್ತ ಬೋಳು ಬೆಟ್ಟ, ನಡುವೆ ಹಸಿರು ಬಯಲು, ಪೋಪ್ಲರ್ ಮರದ ಸಾಲು, ತಗ್ಗು ಮನೆಗಳು. ಅಲ್ಲಿಂದ ಕಿಜಾರ್ತ್ ಎಂಬ ಊರಿಗೆ ಹೋಗಿ, ಕುದುರೆ ಹತ್ತಿ ಎರಡು ದಿನದಲ್ಲಿ ಸೋಂಗ್‌ಕೋಲ್ ಮುಟ್ಟಿದೆವು. ಕೆರೆ ಇರುವುದೇ 3,016 ಮೀಟರ್ ಎತ್ತರದಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ ಮಾತ್ರ ದನ ಕುರಿ ಕುದುರೆ ಹೊಡೆದುಕೊಂಡು ಜನ ಮೇಲೆ ಬರುತ್ತಾರೆ. ಆ ಬೇಸಿಗೆ ಹುಲ್ಲುಗಾವಲಿಗೆ ಅವರು ಜಾಯ್ಲೋ ಅನ್ನುತ್ತಾರೆ.

ರಾತ್ರಿ ಯರ್ಟ್ (ಅವರ ದುಂಡನೆಯ ಉಣ್ಣೆ ಗುಡಾರ) ಒಳಗೆ ಒಲೆ ಹಚ್ಚಿದರು. ಏನು ಉರಿಸುತ್ತಾರೆ ಅಂದುಕೊಂಡಿರಿ? ಒಣಗಿಸಿದ ಸಗಣಿ, ನಮ್ಮ ಬೆರಣಿಯೇ. ಆ ವಾಸನೆಗೆ ಅಜ್ಜಿ ಮನೆಯ ಬಚ್ಚಲು ಒಲೆ ನೆನಪಾಗಿ ಎದೆ ತುಂಬಿ ಬಂತು. ಬಾಗಿಲಿಗೆ ಎದುರಿನ ಜಾಗ ಅತಿಥಿಗೆ, ಅದಕ್ಕೆ ತೋರ್ ಎಂದು ಹೆಸರು. ನನಗಿಂತ ವಯಸ್ಸಾದ ಅಜ್ಜ ಪಕ್ಕಕ್ಕೆ ಸರಿದು ನನ್ನನ್ನು ಅಲ್ಲಿ ಕೂರಿಸಿದರು.

ಒಂದು ವಿಷಯ ಮರೆಯಬೇಡಿ ಮಲೆನಾಡ ಮಳೆ, ರೊಟ್ಟಿಯನ್ನು ತಲೆಕೆಳಗಾಗಿ ಇಡಬೇಡಿ. ಬಹಳ ನೊಂದುಕೊಳ್ಳುತ್ತಾರೆ.

ನೇರ ಮಾತು
ನೋಡಿದ್ದು ಚೆನ್ನಾಗಿದೆ ಸಾರ್, ಒಪ್ಪಿದೆ. ನನ್ನ ಪ್ರಶ್ನೆ ಪ್ರವಾಸದ್ದಲ್ಲ. ಇಂಟರ್ನ್ ಹೋಗಿ ಹಳ್ಳಿಗೆ ಏನು ಕೊಡುತ್ತಾಳೆ ಅನ್ನುವುದು.

ಮೇಷ್ಟ್ರು ಮೈಸೂರು
ನಾನು ಡಿಗ್ರಿ ಕಾಲೇಜಿನಲ್ಲಿ ಪ್ರವಾಸೋದ್ಯಮ ಪಾಠ ಮಾಡುತ್ತೇನೆ. ಸಮುದಾಯ ಪ್ರವಾಸೋದ್ಯಮದ ಪಾಠ ಬಂದಾಗಲೆಲ್ಲ ಕೊಚ್ಕೋರ್ ಉದಾಹರಣೆ ಹೇಳುವುದಿದೆ, ಅದಕ್ಕೇ ಬರೆಯುತ್ತಿದ್ದೇನೆ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅದರ ಜೊತೆ ಅಲ್ಲಿನ ಸಾಮೂಹಿಕ ಕೃಷಿ ಫಾರಂಗಳೂ ಮುಳುಗಿದವು. ಸಂಬಳ ನಿಂತಿತು. ಜನ ಕುರಿಗಳನ್ನು ಮಾರಿದರು, ಕಡಿದು ತಿಂದರು. ದೇಶದ ಕುರಿಗಳ ಸಂಖ್ಯೆ ಕೆಲವೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮನೆ ಇದೆ, ಬೆಟ್ಟ ಇದೆ, ಓದಿದ ಹೆಣ್ಣುಮಕ್ಕಳು ಇದ್ದಾರೆ, ಕೈಗೆ ಕಾಸು ಇಲ್ಲ. ಆಗ ಸ್ವಿಟ್ಜರ್ಲೆಂಡಿನ ಹೆಲ್ವೆಟಾಸ್ ಸಂಸ್ಥೆಯ ನೆರವಿನಿಂದ 2000ದಲ್ಲಿ ಕೊಚ್ಕೋರಿನಲ್ಲಿ ಮೊದಲ ಸಿ.ಬಿ.ಟಿ. (ಕಮ್ಯುನಿಟಿ ಬೇಸ್ಡ್ ಟೂರಿಸಂ, ಅಂದರೆ ಸಮುದಾಯ ಪ್ರವಾಸೋದ್ಯಮ) ಗುಂಪು ಶುರುವಾಯಿತು. ಆಮೇಲೆ ನರೀನ್, ಕರಾಕೋಲ್, ದಕ್ಷಿಣದಲ್ಲಿ ಅಕ್ರೋಟು ಕಾಡಿನ ಅರ್ಸ್ಲನ್‌ಬೋಬ್, ಹೀಗೆ ಹಬ್ಬಿತು. 2003ಕ್ಕೆ ಎಲ್ಲ ಗುಂಪುಗಳೂ ಸೇರಿ ಒಂದು ಸಂಘ ಕಟ್ಟಿಕೊಂಡವು. ಮನೆಗಳ ಗುಣಮಟ್ಟ ತೋರಿಸಲು ನಕ್ಷತ್ರದ ಬದಲು ಎಡೆಲ್‌ವೈಸ್ ಹೂವಿನ ಗುರುತು ಕೊಟ್ಟರು. ಒಂದು ಹೂ, ಎರಡು ಹೂ, ಮೂರು ಹೂ. ಪ್ರವಾಸಿ ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಮನೆಯವರಿಗೆ, ಸಣ್ಣ ಪಾಲು ಗುಂಪಿನ ಕಚೇರಿಗೆ.

ಹಾಗಾಗಿ ನೇರ ಮಾತು ಅವರೇ, ಅಲ್ಲಿ ಯಾರೂ ಹೊರಗಿನವರು ಬಂದು ಉದ್ಧಾರ ಮಾಡಲಿ ಎಂದು ಕಾಯುತ್ತಿಲ್ಲ. 25 ವರ್ಷದ ಅನುಭವ ಆ ಸೀಮೆಯಲ್ಲಿ ಇದೆ. ಕಲಿಯಲು ಹೋಗುವವಳು ಈ ಹುಡುಗಿ.

ಕಾಫಿ ತೋಟ
ನಾನು ಕೊಡಗಿನಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದೇನೆ, ಮೂರು ಕೋಣೆ. ಈ ಚರ್ಚೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ.

ತಂಗಿ, "ಊಟ ವಸತಿ ಉಚಿತ" ಎಂದು ಬರೆದಿದ್ದೀಯಲ್ಲ, ಯಾರಿಗೆ ಉಚಿತ? ನಿನಗೆ ಉಚಿತ. ಆ ಮನೆಯ ಹೆಂಗಸಿಗೆ? ಜುಲೈ, ಆಗಸ್ಟ್ ಅವರಿಗೆ ಸೀಸನ್. ವರ್ಷದ ಸಂಪಾದನೆ ಆ ಎರಡು ತಿಂಗಳಲ್ಲೇ ಆಗಬೇಕು. ನೀನು ಮಲಗುವ ಹಾಸಿಗೆ ಅವತ್ತು ಒಬ್ಬ ಪ್ರವಾಸಿಗೆ ಸಿಗಬೇಕಾದ ಹಾಸಿಗೆ. ದಿನಾ ಮೂರು ಹೊತ್ತು ಅಡುಗೆ, ಸ್ನಾನಕ್ಕೆ ಬಿಸಿನೀರು, ಅದರ ಮೇಲೆ ನೀನು ಸಸ್ಯಾಹಾರಿ ಎಂದು ಬೇರೆ ಪಾತ್ರೆ. ಇದನ್ನೆಲ್ಲ ಗುಂಪು ಕಟ್ಟಿಕೊಡುತ್ತದಾ, ಅಥವಾ ಆ ಹೆಂಗಸೇ ಸುಮ್ನೆ ಹೊರಬೇಕಾ?

ನನ್ನ ಮನೆಗೆ ಒಂದು ವರ್ಷ ಡಿಸೆಂಬರ್‌ನಲ್ಲಿ ಇಬ್ಬರು ಇಂಟರ್ನ್ ಬಂದು ಆರು ವಾರ ಇದ್ದರು. ಕಳಿಸಿದವರು ಒಂದು ರೂಪಾಯಿ ಕೊಡಲಿಲ್ಲ, "ನಿಮ್ಮ ಮನೆಗೆ ಪ್ರಚಾರ ಸಿಗುತ್ತದೆ" ಎಂದರು. ಮಕ್ಕಳು ಒಳ್ಳೆಯವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕ್ರಿಸ್‌ಮಸ್ ವಾರದಲ್ಲಿ ಒಂದು ಕೋಣೆ ಹಾಗೇ ಹೋಯಿತು. ಆ ಲೆಕ್ಕ ನನಗೆ ಇವತ್ತಿಗೂ ನೆನಪಿದೆ.

ನೇರ ಮಾತು
ಇದೇ. ನಾನು ಕೇಳಿದ್ದು ಇದನ್ನೇ. ಅಕ್ಕ ಸರಿಯಾಗಿ ಹೇಳಿದರು.

ಮಲೆನಾಡ ಮಳೆ
ಅಕ್ಕಾ, ಓದಿ ಒಂದು ನಿಮಿಷ ಕೈ ಆಡಲಿಲ್ಲ. ಉಚಿತ ಎಂದು ಓದಿದಾಗ ನನಗೆ ಖುಷಿಯಾಗಿತ್ತು, ಅದರಾಚೆಗೆ ಯೋಚನೆಯೇ ಹೋಗಿರಲಿಲ್ಲ. ಈಗಲೇ ಅವರಿಗೆ ಬರೆದು ಕೇಳುತ್ತೇನೆ.

ಲೆಕ್ಕದ ಪುಸ್ತಕ
ಲೆಕ್ಕ ಹಾಕೋಣ. ಆ ಗುಂಪಿನಲ್ಲಿ ಬೆಳಗಿನ ತಿಂಡಿ ಸೇರಿ ಒಂದು ರಾತ್ರಿಗೆ ಎಷ್ಟು?

ಮಲೆನಾಡ ಮಳೆ
ಅವರು ಕಳಿಸಿದ ಪಟ್ಟಿಯಲ್ಲಿ ಒಬ್ಬರಿಗೆ 1,200 ಸೋಮ್ (ಅಲ್ಲಿನ ದುಡ್ಡು) ಇದೆ. ರಾತ್ರಿ ಊಟ ಬೇರೆ.

ಲೆಕ್ಕದ ಪುಸ್ತಕ
90 ರಾತ್ರಿಗೆ 1,08,000 ಸೋಮ್. ಸುಮಾರು 1,100 ಯೂರೋ ಆಸುಪಾಸು. ನಿಮಗೆ ಬರುವುದು 2,100. ಅಂದರೆ ಅರ್ಧದಷ್ಟು. ಆದರೆ 90 ರಾತ್ರಿಯೂ ಆ ಕೋಣೆ ತುಂಬುವುದಿಲ್ಲ, ಸೆಪ್ಟೆಂಬರ್ ಕೊನೆಗೆ ಊರು ಖಾಲಿ. ಹಾಗಾಗಿ ಪೂರ್ತಿ ದರವೂ ಸರಿಯಲ್ಲ, ಸೊನ್ನೆಯಂತೂ ಸರಿಯೇ ಅಲ್ಲ. ತಿಂಗಳ ಲೆಕ್ಕದಲ್ಲಿ ಒಂದು ಮೊತ್ತ ಮಾತಾಡಿ. ಮನೆಯವರೇ ದರ ಹೇಳಲಿ, ನೀವು ಹೇಳಬೇಡಿ.

ಬರ್ಲಿನ್ ಬಿಸಿಬೇಳೆ
ಇದು ಮುಖ್ಯ. ಎರಾಸ್ಮಸ್ ದುಡ್ಡು ಕೊಡುವುದೇ ಅಲ್ಲಿನ ಖರ್ಚಿಗೆ. ಉಳಿಸಿ ಮನೆಗೆ ತರಲಿಕ್ಕಲ್ಲ.

ನೇರ ಮಾತು
ಸರಿ. ಆದರೆ ಬರ್ಲಿನ್‌ನಲ್ಲಿ ಇದೇ ಮೂರು ತಿಂಗಳಲ್ಲಿ ಕೈಗೆ ದುಡ್ಡೂ ಉಳಿಯುತ್ತದೆ, ಎಜುಕೇಶನ್ ಲೋನ್ ಇರುವ ಮನೆಯ ಮಕ್ಕಳಿಗೆ ಅದು ಸಣ್ಣ ಮಾತಲ್ಲ. ನಾನು ಲೋನ್ ತೀರಿಸಿದವನು, ಅದಕ್ಕೇ ಹೇಳುತ್ತಿದ್ದೇನೆ. ಆದರ್ಶದ ಮಾತು ಹೇಳುವವರು ಕಂತು ಕಟ್ಟಲು ಬರುವುದಿಲ್ಲ.

ಮಲೆನಾಡ ಮಳೆ
ಲೋನ್ ಇದೆ. ಅಡಿಕೆ ತೋಟದ ಮೇಲೆ ಅಪ್ಪ ತೆಗೆದದ್ದು. ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ಕಂತು ಓದು ಮುಗಿದ ಮೇಲೆ ಶುರು, ಹಾಗಾಗಿ ಈ ಮೂರು ತಿಂಗಳು ಉಸಿರಾಡಬಹುದು. ಇನ್ನೊಂದು ಕಾರಣವೂ ಇದೆ. ನಮ್ಮೂರಿನಲ್ಲಿ ನಾಲ್ಕೈದು ಮನೆಯವರು ಯಾಣ, ಸಹಸ್ರಲಿಂಗಕ್ಕೆ ಬರುವವರಿಗೆ ಕೋಣೆ ಕೊಡಲು ಶುರು ಮಾಡಿದ್ದಾರೆ. ಒಬ್ಬೊಬ್ಬರದು ಒಂದೊಂದು ದರ, ಒಬ್ಬರ ಮೇಲೆ ಒಬ್ಬರಿಗೆ ಮುನಿಸು. ಒಂದಾಗಿ ನಡೆಸುವುದು ಹೇಗೆ ಎಂದು ಕಣ್ಣಾರೆ ನೋಡಬೇಕು ಅನ್ನಿಸಿದೆ.

ಹೊಸಪೇಟೆ ಸ್ಟೂಡೆಂಟ್
ನಾನು ಇಲ್ಲೇ ಟೂರಿಸಂ ಡಿಗ್ರಿ ಮಾಡುತ್ತಿದ್ದೇನೆ. ನನಗೂ ಇಂಥದ್ದು ಬೇಕು ಅಕ್ಕ. ಇಲ್ಲಿಂದ ಅರ್ಜಿ ಹಾಕಬಹುದಾ? ಒಬ್ಬ ಏಜೆಂಟ್ 80 ಸಾವಿರ ಕೊಟ್ಟರೆ ವಿದೇಶದಲ್ಲಿ ಕಮ್ಯುನಿಟಿ ಟೂರಿಸಂ ಪ್ಲೇಸ್‌ಮೆಂಟ್ ಕೊಡಿಸುತ್ತೇನೆ ಎನ್ನುತ್ತಿದ್ದಾನೆ.

ಸೈಕಲ್ ಸವಾರ
ಕೊಡಬೇಡ ತಮ್ಮಾ. ದಯವಿಟ್ಟು ಕೊಡಬೇಡ. ನನ್ನ ತಂಗಿ ಹೀಗೇ 60 ಸಾವಿರ ಕಟ್ಟಿ ಪಕ್ಕದ ದೇಶದ ಒಂದು ಹಳ್ಳಿಗೆ ಹೋದಳು. ಅಲ್ಲಿ ಎರಡು ವಾರ ಶಾಲೆ ಮಕ್ಕಳಿಗೆ ಎ ಬಿ ಸಿ ಡಿ ಹೇಳಿಕೊಡುವುದು ಕೆಲಸ. ಮಕ್ಕಳಿಗೆ ಅದು ಮೊದಲೇ ಬಾಯಿಪಾಠ, ಯಾಕೆಂದರೆ ಪ್ರತಿ ಎರಡು ವಾರಕ್ಕೆ ಹೊಸಬರು ಬಂದು ಅದನ್ನೇ ಹೇಳಿಕೊಡುತ್ತಿದ್ದರು. ಒಂದು ಪುಟ್ಟ ಹುಡುಗಿ ಇವಳ ಕೈ ಹಿಡಿದು "ನೀವು ಯಾವಾಗ ಹೋಗುತ್ತೀರಿ" ಎಂದು ಮೊದಲ ದಿನವೇ ಕೇಳಿತಂತೆ. ತಂಗಿ ವಾಪಸ್ ಬಂದು ಅತ್ತಳು.

ಮೇಷ್ಟ್ರು ಮೈಸೂರು
ಹೊಸಪೇಟೆಯವರೇ, ಈ ಎರಾಸ್ಮಸ್ ಇಂಟರ್ನ್‌ಶಿಪ್ ಹಣ ಸಿಗುವುದು ಆ ಯೋಜನೆಯಲ್ಲಿರುವ ಯೂನಿವರ್ಸಿಟಿಗೆ ಸೇರಿದ ವಿದ್ಯಾರ್ಥಿಗಳಿಗೆ. ಪಾಸ್‌ಪೋರ್ಟ್ ಯಾವುದಾದರೂ ಆಗಬಹುದು, ಸೇರಿರಬೇಕು ಅಷ್ಟೇ. ನಿಮಗೆ ದಾರಿ ಎರಾಸ್ಮಸ್ ಮುಂಡುಸ್. ಅದು ಎರಡು ಮೂರು ದೇಶದ ಯೂನಿವರ್ಸಿಟಿಗಳು ಸೇರಿ ನಡೆಸುವ ಮಾಸ್ಟರ್ಸ್, ಪ್ರವಾಸೋದ್ಯಮದಲ್ಲೂ ಇದೆ. ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು, ಫೀಸು ಇಲ್ಲ. ಅರ್ಜಿ ನೇರವಾಗಿ ಆ ಕೋರ್ಸಿಗೇ ಹಾಕಬೇಕು, ನಡುವೆ ಯಾವ ಏಜೆಂಟೂ ಬೇಡ. ಹೆಚ್ಚಿನ ಕೋರ್ಸುಗಳ ಅರ್ಜಿ ಅಕ್ಟೋಬರ್‌ನಿಂದ ಜನವರಿ ಒಳಗೆ ಕರೆಯುತ್ತಾರೆ. ಡಿಗ್ರಿ ಕೊನೆಯ ವರ್ಷದಲ್ಲಿ ಇರುವಾಗಲೇ ತಯಾರಿ ಶುರು ಮಾಡಿ. ಪತ್ರ ಬರೆಯಲು ಸಹಾಯ ಬೇಕಾದರೆ ಹೇಳಿ, ಖಂಡಿತ ನೋಡಿಕೊಡುತ್ತೇನೆ.

ತುಂಗಭದ್ರಾ ದಂಡೆ
ಹೊಸಪೇಟೆ ತಮ್ಮಾ, ಅಷ್ಟು ದೂರ ಹೋಗುವ ಮೊದಲು ಹೊಳೆ ದಾಟಿ ಆನೆಗುಂದಿಗೆ ಬಾ. ಕಿಷ್ಕಿಂಧಾ ಟ್ರಸ್ಟ್ 1997ರಿಂದ ಇಲ್ಲಿ ಕೆಲಸ ಮಾಡುತ್ತಿದೆ. ಬಾಳೆನಾರಿನ ಕೆಲಸ ಊರ ಹೆಣ್ಣುಮಕ್ಕಳಿಗೆ ಕಲಿಸಿದರು, ಹಳೆಯ ಮನೆಗಳನ್ನೇ ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವಂತೆ ಮಾಡಿದರು. ಪಕ್ಕದಲ್ಲೇ ವಿರೂಪಾಪುರ ಗಡ್ಡೆ ಏನಾಯಿತು ನೋಡಿದ್ದೇವೆ. ಒಬ್ಬರ ನಂತರ ಒಬ್ಬರು ರೆಸಾರ್ಟ್ ಕಟ್ಟಿದರು, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎಲ್ಲ ನೆಲಸಮ. ಒಂದೇ ಹೊಳೆಯ ದಂಡೆಯಲ್ಲಿ ಎರಡು ದಾರಿ.

ಮಲೆನಾಡ ಮಳೆಯವರೂ ಇಲ್ಲೇ ಬಂದು ಇಂಟರ್ನ್‌ಶಿಪ್ ಮಾಡಬಹುದಲ್ಲ?

ಮಲೆನಾಡ ಮಳೆ
ಕೇಳಿದೆ ಸಾರ್. ಸ್ವಂತ ದೇಶಕ್ಕೆ ಹೋಗುವವರನ್ನು ಎರಾಸ್ಮಸ್ ಹಣದ ಪಟ್ಟಿಯಲ್ಲಿ ಕೊನೆಗೆ ಇಡುತ್ತಾರಂತೆ. ಆದರೆ ಓದು ಮುಗಿದ ಮೇಲೆ ಆನೆಗುಂದಿಗೆ ಬಂದೇ ಬರುತ್ತೇನೆ.

ಬಿಶ್ಕೆಕ್ ಹುಡುಗ
ಅಕ್ಕಾ ನಮಸ್ಕಾರ. ನಾನು ಕಲಬುರಗಿಯವನು, ಬಿಶ್ಕೆಕ್‌ನಲ್ಲಿ ಎಂ.ಬಿ.ಬಿ.ಎಸ್. ನಾಲ್ಕನೇ ವರ್ಷ. ನಮ್ಮ ಬ್ಯಾಚಿನಲ್ಲೇ ವಿಜಯಪುರ, ರಾಯಚೂರಿನವರು ಇದ್ದೇವೆ. ಇಲ್ಲಿ ಕನ್ನಡ ಕೇಳದೆ ಇರುವ ದಿನವೇ ಇಲ್ಲ.

ಸುರಕ್ಷತೆ ಬಗ್ಗೆ ನಿಜ ಹೇಳುತ್ತೇನೆ. 2024ರ ಮೇ 17ರ ರಾತ್ರಿ ಬಿಶ್ಕೆಕ್‌ನಲ್ಲಿ ಗಲಾಟೆ ಆಯಿತು, ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ಗುಂಪು ನುಗ್ಗಿತು. ನಾವು ಲೈಟ್ ಆರಿಸಿ ಒಳಗೇ ಕೂತಿದ್ದೆವು. ಊರಿಂದ ಅಮ್ಮ ಐದು ನಿಮಿಷಕ್ಕೊಮ್ಮೆ ಫೋನ್. ಹೊರಗೆ ಹೋಗಬೇಡಿ ಎಂದು ರಾಯಭಾರ ಕಚೇರಿಯೂ ಹೇಳಿತು. ಮರುದಿನ ಕೆಳಗಿನ ಮನೆಯ ಅಜ್ಜಿ ರೊಟ್ಟಿ, ಟೊಮೇಟೊ ತಂದು ಬಾಗಿಲ ಮುಂದೆ ಇಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಏನೋ ಹೇಳಿದರು. ನನಗೆ ಅರ್ಧ ಅರ್ಥವಾಯಿತು. ಎರಡೂ ಒಂದೇ ಊರು. ಎರಡನ್ನೂ ಹೇಳಬೇಕು ಅನ್ನಿಸಿತು.

ನಂತರ ನನಗೆ ಯಾವ ತೊಂದರೆಯೂ ಆಗಿಲ್ಲ. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ರಾತ್ರಿ ಒಬ್ಬರೇ ತಿರುಗಬೇಡಿ. ದುಡ್ಡಿನ ಲೆಕ್ಕ ಸುಲಭ, ಒಂದು ಸೋಮ್ ಎಂದರೆ ಹೆಚ್ಚು ಕಡಿಮೆ ಒಂದು ರೂಪಾಯಿ. ಕೊಚ್ಕೋರ್‌ಗೆ ಗಾಡಿ ಪಶ್ಚಿಮ ಬಸ್ ನಿಲ್ದಾಣದಿಂದ. ನನ್ನ ನಂಬರ್ ಖಾಸಗಿ ಮೆಸೇಜಿನಲ್ಲಿ ಕಳಿಸುತ್ತೇನೆ.

ಹಿರಿಯ ಹೆಂಗಸರಿಗೆ ಎಜೆ ಎನ್ನಿ, ನಮ್ಮ ಅಕ್ಕ ಇದ್ದಂತೆ. ಗಂಡಸರಿಗೆ ಬೈಕೆ. ಥ್ಯಾಂಕ್ಸ್‌ಗೆ ರಖ್ಮತ್. ಈ ಮೂರರಿಂದ ಅರ್ಧ ಕೆಲಸ ಆಗುತ್ತದೆ.

ಕಂಬಳಿ ಮನೆ
ಸಸ್ಯಾಹಾರದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ?

ಬಿಶ್ಕೆಕ್ ಹುಡುಗ
ಕಷ್ಟ ಇದೆ, ಆದರೆ ಆಗುತ್ತದೆ. ಸೂಪು ಅಂದರೆ ಕುರಿ ಮೂಳೆಯದ್ದೇ. "ಮಾಂಸ ಇಲ್ಲ" ಎಂದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ, ಸಾರು ಅದೇ ಇರುತ್ತದೆ. ಮೊದಲ ದಿನವೇ ಬಿಡಿಸಿ ಹೇಳಿ. ರೊಟ್ಟಿ, ಜಾಮ್, ಆಲೂಗಡ್ಡೆ, ಸೌತೆಕಾಯಿ, ಟೊಮೇಟೊ ಎಲ್ಲ ಸಿಗುತ್ತದೆ. ಕಾಯ್ಮಕ್ ಅಂತ ಗಟ್ಟಿ ಕೆನೆ, ಬಿಸಿ ರೊಟ್ಟಿ ಮೇಲೆ ಹಚ್ಚಿ ತಿಂದರೆ ನಮ್ಮ ಬೆಣ್ಣೆ ರೊಟ್ಟಿಗೆ ಸಮ. ಕುರುತ್ ಅಂದರೆ ಹುಳಿ ಮೊಸರಿನ ಉಂಡೆ, ಬಿಸಿಲಲ್ಲಿ ಒಣಗಿಸಿದ್ದು, ಉಪ್ಪು ಜಾಸ್ತಿ.

ಕಾಫಿ ತೋಟ
ಕುಕ್ಕರ್ ಒಯ್ಯಿ ತಂಗಿ. ವಾರಕ್ಕೆ ಎರಡು ದಿನ ನೀನೇ ಬೇಳೆ ಬೇಯಿಸಿ ಎಲ್ಲರಿಗೂ ಬಡಿಸು. ಆ ಹೆಂಗಸಿಗೂ ಎರಡು ದಿನ ಒಲೆ ಬಿಡುವು.

ಕಂಬಳಿ ಮನೆ
ಸ್ವಲ್ಪ ಬೇರೆ ಮಾತು, ಬಿಡಲಾಗುತ್ತಿಲ್ಲ. ನಾವು ಚಳ್ಳಕೆರೆ ಕಡೆಯ ಕುರುಬರು, ಕಂಬಳಿ ನೇಯುವ ಮನೆ. ಕೊಚ್ಕೋರಿನ ಹೆಂಗಸರು ಶಿರ್ದಾಕ್ ಎಂಬ ಉಣ್ಣೆ ಹಾಸು ಮಾಡುತ್ತಾರೆ ಎಂದು ಓದಿದ್ದೇನೆ, 2012ರಲ್ಲಿ ಯುನೆಸ್ಕೋ ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು. ನಮ್ಮದು ಮಗ್ಗದ ಮೇಲೆ ನೇಯ್ದು ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುವುದು. ಅವರದು ನೇಯ್ಗೆಯೇ ಅಲ್ಲ. ಉಣ್ಣೆಗೆ ಬಿಸಿನೀರು ಹಾಕಿ, ಸುತ್ತಿ, ಉರುಳಿಸಿ ಉರುಳಿಸಿ ದಪ್ಪ ಹಾಳೆ ಮಾಡುತ್ತಾರೆ. ಆಮೇಲೆ ಎರಡು ಬಣ್ಣದ ಹಾಳೆ ಒಂದರ ಮೇಲೊಂದು ಇಟ್ಟು ಒಟ್ಟಿಗೇ ಕತ್ತರಿಸುತ್ತಾರೆ, ಇದರ ಚಿತ್ತಾರ ಅದರಲ್ಲಿ ಕೂರಿಸಿ ಹೊಲಿಯುತ್ತಾರೆ. ಒಂದು ಚೂರೂ ದಂಡವಿಲ್ಲ. ತಂಗಿ, ಹೋದರೆ ಒಂದು ಕೇಳಿಕೊಂಡು ಬರಬೇಕು. ಅಲ್ಲಿ ಹಾಸು ಮಾರಿದ ದುಡ್ಡಿನಲ್ಲಿ ಮಾಡಿದವಳಿಗೆ ಎಷ್ಟು, ಮಾರಿದವರಿಗೆ ಎಷ್ಟು? ನಮ್ಮಲ್ಲಿ ಕಂಬಳಿ ಮಾಡಿದವರ ಕೈಗೆ ಬಹಳ ಕಡಿಮೆ ಬರುತ್ತದೆ.

ಮಲೆನಾಡ ಮಳೆ
ಖಂಡಿತ ಕೇಳಿ ಬರೆಯುತ್ತೇನೆ ಅಣ್ಣಾ.

ಆ ಗುಂಪಿನಿಂದ ಉತ್ತರ ಬಂತು. ನಾನು "ನನ್ನ ಊಟ ವಸತಿಯ ಖರ್ಚು ಯಾರು ಕೊಡುತ್ತಾರೆ" ಎಂದು ಕೇಳಿದ್ದೆ. ನಾಲ್ಕು ದಿನ ಸದ್ದಿಲ್ಲ. ಇವತ್ತು ಆ ಮನೆಯ ಎಜೆಯ ಮಗಳೇ ಬರೆದಿದ್ದಾಳೆ. ಹಿಂದಿನ ವರ್ಷ ಬಂದ ಇಂಟರ್ನ್‌ಗೆ ಅವರು ಏನೂ ತೆಗೆದುಕೊಂಡಿರಲಿಲ್ಲ. ಅತಿಥಿಯ ಹತ್ತಿರ ದುಡ್ಡು ಕೇಳಲು ಅಮ್ಮನಿಗೆ ನಾಚಿಕೆ ಆಯಿತು ಎಂದಳು. ಆದರೆ ಆಗಸ್ಟ್‌ನಲ್ಲಿ ಎರಡು ಸಲ ಬಂದ ಜನರನ್ನು ವಾಪಸ್ ಕಳಿಸಬೇಕಾಯಿತಂತೆ. ಈಗ ಮಾತಾಡಿ ತಿಂಗಳಿಗೆ 20,000 ಸೋಮ್ ಎಂದು ನಿಗದಿ ಆಯಿತು, ಮೂರು ಹೊತ್ತು ಊಟ ಸೇರಿ. ಹಿಂದಿನ ಸಣ್ಣ ಕೋಣೆ ನನಗೆ, ಮುಂದಿನದು ಪ್ರವಾಸಿಗರಿಗೆ.

ಹೋಗುತ್ತಿದ್ದೇನೆ. ಬರ್ಲಿನ್‌ಗೆ ಇಲ್ಲ ಎಂದು ಬರೆದೆ. ಅಮ್ಮನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಕಾಫಿ ತೋಟದ ಅಕ್ಕನ ಮಾತು ಕೇಳಿ "ಅವರು ಹೇಳಿದ ಹಾಗೆ ಮಾಡು" ಎಂದಳು.

ನೇರ ಮಾತು
ನಾನು ಇದ್ದಿದ್ದರೆ ಬರ್ಲಿನ್‌ಗೇ ಹೋಗುತ್ತಿದ್ದೆ. ಆದರೆ ಕೇಳಬೇಕಾದದ್ದನ್ನು ಕೇಳಿಯೇ ಹೊರಟಿದ್ದೀರಿ. ಒಳ್ಳೆಯದಾಗಲಿ.

ಮಲೆನಾಡ ಮಳೆ
(ಆರು ವಾರದ ನಂತರ)
ಕೊಚ್ಕೋರ್‌ನಿಂದ ಬರೆಯುತ್ತಿದ್ದೇನೆ. ನೆಟ್ ಬಂದಾಗ ಒಂದೇ ಉಸಿರಿಗೆ ಬರೆದುಬಿಡುತ್ತೇನೆ.

ನನ್ನ ಮುಖ್ಯ ಕೆಲಸ ಒಂದು ನೋಟ್‌ಬುಕ್. ಗುಂಪಿನ ಕಚೇರಿಯಲ್ಲಿ ಗೆರೆ ಹಾಕಿದ ಒಂದು ದಪ್ಪ ಪುಸ್ತಕ ಇದೆ, ಅದರಲ್ಲಿ 11 ಮನೆಗಳ ಸರದಿ. ಪ್ರವಾಸಿಗರು ಬಂದರೆ ಮುಂದಿನ ಸರದಿ ಯಾರದೋ ಆ ಮನೆಗೆ ಕಳಿಸುವುದು. ಮನೆ ದೊಡ್ಡದು, ಸಣ್ಣದು ಎಂಬುದಿಲ್ಲ. ಗಂಡ ಇಲ್ಲದ ಒಬ್ಬ ಎಜೆಯ ಮನೆ ಊರ ಕೊನೆಯಲ್ಲಿದೆ, ರಸ್ತೆಯಿಂದ ಕಾಣುವುದಿಲ್ಲ. ಸರದಿ ಇಲ್ಲದಿದ್ದರೆ ಅವರ ಮನೆಗೆ ಒಬ್ಬರೂ ಹೋಗುವುದಿಲ್ಲ. ಇಂಗ್ಲಿಷ್ ಮೆಸೇಜಿಗೆ ಮೊದಲು ಎರಡು ಮೂರು ದಿನಕ್ಕೆ ಉತ್ತರ ಹೋಗುತ್ತಿತ್ತು, ಅಷ್ಟರಲ್ಲಿ ಜನ ಬೇರೆ ಕಡೆ ಹೋಗಿಬಿಡುತ್ತಿದ್ದರು. ಈಗ ಒಂದು ಗಂಟೆಯೊಳಗೆ ಹೋಗುತ್ತದೆ. ಎಜೆಯ ಮಗಳಿಗೆ 30 ಸಿದ್ಧ ಉತ್ತರ ಬರೆದುಕೊಟ್ಟಿದ್ದೇನೆ, ನಾನು ಹೋದ ಮೇಲೆ ನಿಲ್ಲಬಾರದು ಎಂದು.

ಕಂಬಳಿ ಮನೆ ಅಣ್ಣಾ, ನಮ್ಮ ಎಜೆ ಹೇಳಿದ್ದು ಇಷ್ಟು. ಮನೆಗೆ ಬಂದ ಪ್ರವಾಸಿ ನೇರವಾಗಿ ಕೊಂಡರೆ ಪೂರ್ತಿ ದುಡ್ಡು ಮಾಡಿದವಳಿಗೆ. ಬಿಶ್ಕೆಕ್ ಅಂಗಡಿಗೆ ಹೋದರೆ ಅರ್ಧವೂ ಬರುವುದಿಲ್ಲವಂತೆ. ಅದಕ್ಕೇ ಚಹಾ ಕೊಡುವ ಕೋಣೆಯಲ್ಲೇ ಶಿರ್ದಾಕ್ ಹಾಸಿ ಇಡುತ್ತಾರೆ.

ಈಗ ನನಗೊಂದು ಸಂಕಟ. ಎರಡು ಮನೆಯವರು ಬುಕಿಂಗ್ ಆ್ಯಪಿನಲ್ಲಿ ಸ್ವಂತವಾಗಿ ಹೆಸರು ಹಾಕಿಕೊಂಡಿದ್ದಾರೆ. ಅಲ್ಲಿಂದ ಬಂದವರನ್ನೂ ಇಟ್ಟುಕೊಳ್ಳುತ್ತಾರೆ, ಸರದಿಯಲ್ಲೂ ಪಾಲು ಕೇಳುತ್ತಾರೆ. ಉಳಿದವರಿಗೆ ಸಿಟ್ಟು. ಗುರುವಾರ ಸಭೆ ಇದೆ, ಲೆಕ್ಕ ಬರೆಯುವವಳು ನಾನಾದ್ದರಿಂದ ನನ್ನನ್ನೂ ಕರೆದಿದ್ದಾರೆ. ಏನು ಹೇಳಲಿ?

ಕಾಫಿ ತೋಟ
ಅಭಿಪ್ರಾಯ ಹೇಳಬೇಡ, ಲೆಕ್ಕ ಹೇಳು. ಯಾವ ಮನೆಗೆ ಗುಂಪಿನಿಂದ ಎಷ್ಟು ರಾತ್ರಿ, ಹೊರಗಿನಿಂದ ಎಷ್ಟು ರಾತ್ರಿ ಎಂದು ಒಂದು ಹಾಳೆಯಲ್ಲಿ ಬರೆದು ಮುಂದೆ ಇಡು. ಅವರೇ ಮಾತಾಡಿಕೊಳ್ಳಲಿ. ನೀನು ಸೆಪ್ಟೆಂಬರ್‌ಗೆ ಹೊರಡುತ್ತೀಯಾ, ಅವರು ಒಂದೇ ಬೀದಿಯಲ್ಲಿ ಬಾಳಬೇಕು.

ಆ ಇಬ್ಬರನ್ನು ಕೆಟ್ಟವರು ಎಂದುಕೊಳ್ಳಬೇಡ. 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಗುಡ್ಡ ಕುಸಿದಾಗ ಎಲ್ಲ ಬುಕಿಂಗೂ ಹೋಯಿತು. ಕಾಫಿ ಇದ್ದವರು ತಡೆದುಕೊಂಡರು, ಬರೀ ಕೋಣೆ ನಂಬಿದವರು ಕಂಡ ಕಂಡ ಆ್ಯಪಿಗೆಲ್ಲ ಹೆಸರು ಕೊಟ್ಟರು. ಹೆದರಿಕೆಯಿಂದ ಮಾಡುತ್ತಾರೆ.

ಮೇಷ್ಟ್ರು ಮೈಸೂರು
ನೇಪಾಳದ ಸಿರುಬಾರಿಯಲ್ಲಿ 1997ರಿಂದ ಸಮಿತಿಯೇ ಅತಿಥಿಗಳನ್ನು ಹಂಚುವ ಪದ್ಧತಿ. ಅಲ್ಲಿ ಪ್ರವಾಸಿ ತಾನೇ ಮನೆ ಆರಿಸಿಕೊಳ್ಳುವಂತಿಲ್ಲ. ಇಂಟರ್‌ನೆಟ್ ಬಂದ ಮೇಲೆ ಎಲ್ಲ ಕಡೆಯೂ ಈ ಸರದಿಗೆ ಪೆಟ್ಟು ಬಿದ್ದಿದೆ. ಇಡೀ ಗುಂಪಿನ ಹೆಸರಿನಲ್ಲೇ ಆ್ಯಪಿನಲ್ಲಿ ಒಂದು ಪುಟ ಮಾಡಿ, ಬಂದವರನ್ನು ಪುಸ್ತಕದ ಪ್ರಕಾರ ಹಂಚಬಹುದಾ ಕೇಳಿ ನೋಡಿ.

ನೇರ ಮಾತು
ಮೇಷ್ಟ್ರೇ, ಅದು ನಡೆಯುವುದಿಲ್ಲ. ಫೋಟೋ ನೋಡಿ ಬುಕ್ ಮಾಡಿದವನಿಗೆ ಬೇರೆ ಮನೆ ತೋರಿಸಿದರೆ ಒಂದು ಸ್ಟಾರ್ ಕೊಟ್ಟು ಹೋಗುತ್ತಾನೆ. ಅದಕ್ಕಿಂತ, ಹೊರಗಿನಿಂದ ಬಂದ ಪ್ರತಿ ರಾತ್ರಿಯನ್ನೂ ಅವರ ಸರದಿಯಲ್ಲಿ ಒಂದು ಎಂದು ಬರೆದುಕೊಳ್ಳಲಿ. ಆ್ಯಪ್ ಬಿಡಬೇಕಾಗಿಲ್ಲ, ಗುಂಪೂ ಒಡೆಯುವುದಿಲ್ಲ.

ಮಲೆನಾಡ ಮಳೆ
ನೇರ ಮಾತು ಅವರೇ, ಇದು ಆಗಬಹುದು! ಪುಸ್ತಕದಲ್ಲಿ ಒಂದು ಗೆರೆ ಜಾಸ್ತಿ, ಅಷ್ಟೇ. ಇವತ್ತು ರಾತ್ರಿ ಹಾಳೆ ತಯಾರು ಮಾಡುತ್ತೇನೆ, ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು. ಎಜೆಯ ಮಗಳು ಕಿರ್ಗಿಜ್‌ನಲ್ಲಿ ಬರೆದುಕೊಡುತ್ತಾಳೆ.

ಹೊಸಪೇಟೆ ಸ್ಟೂಡೆಂಟ್
ಏಜೆಂಟ್‌ಗೆ ಬೇಡ ಎಂದೆ. ಮೇಷ್ಟ್ರ ಹತ್ತಿರ ಪತ್ರ ತಿದ್ದಿಸಿಕೊಳ್ಳುತ್ತಿದ್ದೇನೆ. ಭಾನುವಾರ ಆನೆಗುಂದಿಗೆ ಹೋಗುತ್ತೇನೆ.

ಬಿಶ್ಕೆಕ್ ಹುಡುಗ
ಅಕ್ಕಾ, ಶನಿವಾರ ರಜೆ, ಬೆಳಿಗ್ಗೆ ಮೊದಲ ಗಾಡಿಗೆ ಕೊಚ್ಕೋರ್ ಬರುತ್ತೇನೆ. ಊರಿಂದ ಬಂದ ಅವಲಕ್ಕಿ, ತೊಗರಿಬೇಳೆ ತರುತ್ತಿದ್ದೇನೆ. ರೂಮ್‌ಮೇಟ್ ಹತ್ತಿರ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು, ಶಿರಸಿಯವರಿಗೆ ಎಂದ ಮೇಲೆ ಕೊಟ್ಟ. ಒಂದು ರಾತ್ರಿ ಉಳಿಯುತ್ತೇನೆ. ಈಗ ಸರದಿ ಯಾರದಿದೆಯೋ ಆ ಮನೆಗೇ ಹೆಸರು ಬರೆಯಿರಿ, 1,200 ತಂದಿರುತ್ತೇನೆ.